ಕೂರುವ ಮನೆಗಳ ಊರಪಟ

ನಮ್ಮೂರಲ್ಲಿ ಮನೆಗಳು ಬೀಳುವುದಿಲ್ಲ, ಕೂರುತ್ತವೆ. ದೂರದಿಂದ ನಡೆದು ಬಂದವರು ಕಟ್ಟೆಯ ಮೇಲೆ ಉಸ್ಸಪ್ಪಾ ಎಂದು ಕೂರುವ ಹಾಗೆ, ಗೋಡೆಗೆ ಒಂದು ಬಿರುಕೂ ಬಾರದೆ, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯೂ ಅಲುಗದೆ ನೆಲದೊಳಕ್ಕೆ ಇಳಿದುಬಿಡುತ್ತವೆ. ಬೆಳಿಗ್ಗೆ ರಂಗೋಲಿ ಹಾಕಿಸಿಕೊಂಡ ಹೊಸ್ತಿಲು ಮಧ್ಯಾಹ್ನ ಇರುವುದಿಲ್ಲ, ಆ ಜಾಗದಲ್ಲಿ ಬರೀ ಮಟ್ಟಸವಾದ ಮಣ್ಣು. ಅಗೆದು ನೋಡಿದವರಿದ್ದಾರೆ. ಮಣ್ಣಿನ ಕೆಳಗೆ ಮಣ್ಣೇ ಸಿಕ್ಕಿತು. ಆದರೂ ಕೆಲವು ದಿನ ಕೆಳಗಿನಿಂದ ಸದ್ದು ಬರುತ್ತದೆ. ಕುಕ್ಕರ್ ಸೀಟಿ ಹೊಡೆಯುತ್ತದೆ, ಯಾರೋ ಕೆಮ್ಮುತ್ತಾರೆ, ಟೀವಿಯಲ್ಲಿ ಸೋಪಿನ ಜಾಹೀರಾತು ಬರುತ್ತದೆ. ಆಮೇಲೆ ಅದೂ ನಿಂತುಹೋಗುತ್ತದೆ. ಹೀಗೇಕೆ ಎಂದು ನಮ್ಮವರು ಯಾರೂ ಕೇಳುವುದಿಲ್ಲ. ಹೊರಗಿನಿಂದ ಬಂದ ಅಳಿಯಂದಿರು ಮೊದಲ ವರ್ಷ ಕೇಳುತ್ತಾರೆ, ಎರಡನೆಯ ವರ್ಷಕ್ಕೆ ಅವರೂ ನಮ್ಮ ಹಾಗೇ ಆಗಿರುತ್ತಾರೆ.

ಕೂರುವುದಕ್ಕೆ ಮುಂಚೆ ಮನೆ ಕೆಲವು ತಿಂಗಳು ಒಳಗೊಳಗೇ ಒಂದು ಮಗ್ಗುಲಿಗೆ ವಾಲುತ್ತದೆ. ಬೀದಿಯಲ್ಲಿ ನಿಂತರೆ ಏನೂ ತಿಳಿಯುವುದಿಲ್ಲ. ಒಳಗೆ ಹೋಗಿ ನೆಲದ ಮೇಲೆ ಕೂತು ನೋಡಬೇಕು. ಅದಕ್ಕೆಂದೇ ನಮ್ಮಲ್ಲಿ ಯಾರು ಬಂದರೂ ಮೊದಲು ಒಂದು ತಾಟಿನ ತುಂಬ ನೀರು ತಂದು ಅವರ ಮುಂದೆ ಇಡುತ್ತಾರೆ. ಮನೆ ಸರಿಯಿದ್ದರೆ ನೀರು ನೆಟ್ಟಗಿರುತ್ತದೆ. ವಾಲುತ್ತಿದ್ದರೆ ಒಂದು ಅಂಚಿಗೆ ಸರಿದು ನಿಂತಿರುತ್ತದೆ. ಇದು ಬಂದವರಿಗೆ ಕಾಣುತ್ತದೆಯೇ ಹೊರತು ಮನೆಯವರಿಗೆ ಕಾಣುವುದಿಲ್ಲ. ಮನೆಯವರು ಅದೇ ತಾಟನ್ನು ಬಗ್ಗಿ ಬಗ್ಗಿ ನೋಡಿದರೂ ನೀರು ಅವರ ಕಣ್ಣಿಗೆ ನೆಟ್ಟಗೇ. ಬಾಡಿಗೆಗೆ ಬಂದವರಿಗೆ ಮೊದಮೊದಲು ಕಾಣುತ್ತದೆ, ಆ ಮನೆ ತಮ್ಮದು ಅನ್ನಿಸಿದ ಮೇಲೆ ಕಾಣುವುದಿಲ್ಲ. ಕೆಲವು ಸೊಸೆಯಂದಿರಿಗೆ ಎರಡು ಮಕ್ಕಳಾದ ಮೇಲೂ ಕಾಣುತ್ತಲೇ ಇರುತ್ತದೆ. ಅತ್ತೆಯಂದಿರು ಅದನ್ನು ಊರೆಲ್ಲ ಎತ್ತಿ ಆಡುತ್ತಾರೆ. ಇನ್ನೊಂದು ಮಾತು: ನೀರು ವಾಲಿದ್ದನ್ನು ಕಂಡವರು ಆ ಮನೆಯೊಳಗೆ ಕೂತು ಬಾಯಿಬಿಡುವ ಹಾಗಿಲ್ಲ. ಬಾಯಿಬಿಟ್ಟರೆ ಮನೆಗೆ ಕೇಳಿಸಿ ಅದು ಅಲ್ಲೇ ಕೂತುಬಿಡುತ್ತದೆ ಎಂಬ ನಂಬಿಕೆ. ಕೊಟ್ಟ ಚಹಾ ಕುಡಿದು, ಮಕ್ಕಳ ಪರೀಕ್ಷೆಯ ವಿಷಯ ವಿಚಾರಿಸಿ, ಹೊರಗೆ ಬಂದ ಮೇಲೆಯೇ ಹೇಳಬೇಕು. ಹಿಂದೆಲ್ಲ ಡಂಗುರದವನ ಕಿವಿಯಲ್ಲಿ ಹೇಳುತ್ತಿದ್ದರು. ಈಗ ಫೋನಿನಲ್ಲಿ ಊರ ಮನೆಗಳೆಲ್ಲ ಇರುವ ನಕ್ಷೆ, ಊರಪಟ, ಇದೆ.

ಊರಪಟವನ್ನು ಕಟ್ಟಿದವಳು ದಾಕ್ಷಾಯಣಿ. ನಾನು ಅವಳನ್ನು ದಾಕ್ಷಕ್ಕ ಅನ್ನುತ್ತೇನೆ. ಸಂಗಪ್ಪನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಫ್ಯಾನು, ಅವಳು ಮತ್ತು ನಾನು. ಯಾರಾದರೂ ಒಂದು ಮನೆಗೆ ಹೋಗಿ ಬಂದರೆ ಫೋನ್ ತೆಗೆದು ಊರಪಟದಲ್ಲಿ ಆ ಮನೆಯನ್ನು ಒತ್ತಿ, ನೀರು ನೆಟ್ಟಗಿತ್ತೋ ವಾಲಿತ್ತೋ ಹಾಕಬೇಕು. ಎಲ್ಲರೂ ಹಾಕಿದ್ದನ್ನು ಊರಪಟ ಕೂಡಿಸಿ, ಆ ಮನೆಯ ಅಪಾಯ ಎಷ್ಟು ಎಂದು ಅಂದಾಜು ಮಾಡಿ ಬಣ್ಣ ತೋರಿಸುತ್ತದೆ. ಹಸಿರಾದರೆ ಹಾಯಾಗಿರಿ. ಕೆಂಪಾದರೆ ಗಂಟುಮೂಟೆ ಕಟ್ಟಿಕೊಂಡು ಊರ ಛತ್ರಕ್ಕೆ ಬನ್ನಿ. ದಾಕ್ಷಕ್ಕ ಲೆಕ್ಕ ನೋಡುತ್ತಾಳೆ, ನಾನು ಬಣ್ಣ ನೋಡುತ್ತೇನೆ, ಜೊತೆಗೆ ಬೈಗುಳದ ಫೋನುಗಳನ್ನೂ ನಾನೇ ಎತ್ತಬೇಕು. ಜನ ಏನೇನು ಹಾಕುತ್ತಿದ್ದರೆಂದು ಹೇಳಿದರೆ ನೀವು ನಂಬಲಾರಿರಿ. ತಾಟಿನ ಫೋಟೋ ಹಾಕಿ ಎಂದರೆ ತಾಟಿನಲ್ಲಿದ್ದ ಹೋಳಿಗೆಯ ಫೋಟೋ ಹಾಕುತ್ತಿದ್ದರು. ಜಗಳವಾದವರ ಮನೆಗೆ ಹೋಗದೆಯೇ ಕೆಂಪು ಬಡಿಯುತ್ತಿದ್ದರು, ಬೀಗರ ಮನೆಗೆ ನೋಡದೆಯೇ ಹಸಿರು ಬಳಿಯುತ್ತಿದ್ದರು. ಇದನ್ನೆಲ್ಲ ಸರಿಮಾಡಬೇಕು ಎಂದು ಹೇಳುತ್ತ ಹೇಳುತ್ತ ನಾವು ದಿನ ತಳ್ಳುತ್ತಿದ್ದೆವು. ಅಷ್ಟರಲ್ಲಿ ರಾಚಪ್ಪನ ಮನೆ ಕೂತಿತು.

ರಾಚಪ್ಪ ದಾಕ್ಷಕ್ಕನ ತಂಗಿ ಶಿವಲೀಲಾಳ ಗಂಡ. ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದ, ಒಳ್ಳೆಯ ಮನುಷ್ಯ, ಗಂಟಲು ಮಾತ್ರ ತುಸು ದೊಡ್ಡದು. ಆವತ್ತು ಲೀಲಾ ಜೋಳ ಬೀಸಿಸಲು ನಮ್ಮ ಕೆಳಗಿನ ಗಿರಣಿಗೇ ಬಂದಿದ್ದಳು. ಹಿಟ್ಟಿನ ಡಬ್ಬಿ ಹೊತ್ತು ಮನೆಗೆ ಹೋದರೆ ಮನೆ ಇಲ್ಲ, ಗಂಡ ಇಲ್ಲ, ಮಟ್ಟಸವಾದ ಮಣ್ಣಿನ ಮೇಲೆ ಪಕ್ಕದ ಮನೆಯ ಕೋಳಿ ಕೆದಕುತ್ತಿತ್ತಂತೆ. ಊರಪಟದಲ್ಲಿ ಆ ಮನೆ ಹಸಿರಾಗಿಯೇ ಇತ್ತು. ದಾಕ್ಷಕ್ಕ ಅತ್ತೂ ಕರೆದೂ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ನೋಡಿದಳು. ಮೈಕ್ ಕೇಳಲು ಬಂದವರೆಲ್ಲ ಅವಸರದಲ್ಲಿ ಹಸಿರು ಹಾಕಿ ಹೋಗಿದ್ದರು. ದಿನಾ ಹೂ ಕೊಡಲು ಬರುತ್ತಿದ್ದ ಹನಮವ್ವ ಒಬ್ಬಳೇ ವಾರಗಟ್ಟಲೆ ವಾಲಿದೆ, ವಾಲಿದೆ ಎಂದು ಹಾಕುತ್ತ ಬಂದಿದ್ದಳು. ಅಷ್ಟೊಂದು ಹಸಿರಿನ ನಡುವೆ ಅವಳದೊಂದು ಮಾತು ಕೂಡಿಸುವಾಗ ಕರಗಿಹೋಗಿತ್ತು. "ದಿನಾ ಬಂದು ನೋಡಾಕಿ ಮಾತಿಗೂ, ಒಮ್ಮೆ ಬಂದು ಹೋದಾವನ ಮಾತಿಗೂ ಒಂದೇ ತೂಕ ಇಟ್ಟಿದ್ನಲ್ಲೋ ನಿಜಗುಣಿ," ಎಂದು ನನ್ನತ್ತ ತಿರುಗಿದಳು. ಅವಳ ಕಣ್ಣು ಒಣಗಿದ್ದವು. ಅದನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು.

ಹೀಗೆ ಊರಪಟದ ಸುಧಾರಣೆ ಶುರುವಾಯಿತು. ಒಂದು ಮನೆಗೆ ಯಾರು ಹೆಚ್ಚು ಸಲ ಹೋಗಿ ನೋಡುತ್ತಾರೋ ಅವರ ಮಾತಿಗೆ ಹೆಚ್ಚು ತೂಕ, ಹೋದಷ್ಟೂ ತೂಕ ಏರುತ್ತದೆ. ಅಪರೂಪಕ್ಕೆ ಬಂದವರ ಮಾತು ಹಗುರ. ಇದನ್ನು ಊರ ಹಿರಿಯರ ಸಭೆಯಲ್ಲಿ ಒಪ್ಪಿಸಬೇಕಿತ್ತು. ಹಿರಿಯರಲ್ಲಿ ದೊಡ್ಡವರಾದ ಚನ್ನವೀರಪ್ಪನವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಎಲ್ಲ ಕೇಳಿ, "ತಂಗೀ, ಹಂಗಾದ್ರ ನನ್ನ ಮಾತಿಗೆ ಎಷ್ಟು ತೂಕ?" ಅಂದರು. "ನೀವು ಯಾರ ಮನಿಗೂ ಹೋಗಂಗಿಲ್ಲಲ್ರಿ ಅಜ್ಜಾರ, ಅದಕ್ಕ ನಿಮ್ದು ಸೊನ್ನಿ," ಎಂದಳು ದಾಕ್ಷಕ್ಕ. ಸಭೆ ಗೊಳ್ಳೆಂದು ನಕ್ಕಿತು, ಅವರೂ ನಕ್ಕರು. ರಾಚಪ್ಪ ಹೋದ ಮೇಲೆ ಊರು ನಕ್ಕದ್ದು ಅದೇ ಮೊದಲು. ತಪ್ಪು ಲೆಕ್ಕ ಅನ್ನಿಸಲು ಅದರಲ್ಲಿ ಏನಿತ್ತು? ನನಗಂತೂ ಅನ್ನಿಸಲಿಲ್ಲ, ಅವತ್ತು ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ.

ಫಲವೂ ಕಂಡಿತು. ಬಳೆಗಾರ ಅಲ್ಲಿಸಾಬನ ಮನೆ ಕೂರುವ ಮೊದಲೇ ಕೆಂಪಾಯಿತು, ಅವನ ಮಕ್ಕಳು ಮೊಮ್ಮಕ್ಕಳು ಎಲ್ಲ ಛತ್ರದಲ್ಲಿದ್ದಾಗ ಖಾಲಿ ಮನೆ ಕೂತಿತು. ಕುಂಬಾರ ಓಣಿಯಲ್ಲಿ ಎರಡು ಮನೆ ಹಾಗೇ. ಹಾಲಿನವಳು, ಪೇಪರಿನವನು, ಸಂಜೆ ಪಗಡೆಗೆ ಸೇರುವವರು, ಇಂಥವರ ಮಾತಿಗೆ ಒಮ್ಮೆಲೇ ಬೆಲೆ ಬಂತು. ಜನ ನಮ್ಮ ಕೋಣೆಗೆ ಪೇಡೆ ತಂದುಕೊಟ್ಟರು. ನನಗೆ ಪೇಡೆ, ದಾಕ್ಷಕ್ಕನಿಗೆ ಶಾಲು. ಅವಳು ಶಾಲನ್ನು ಕಂಪ್ಯೂಟರಿಗೆ ಹೊದಿಸಿಟ್ಟಳು, ಗಿರಣಿಯ ಹಿಟ್ಟಿನ ಧೂಳು ಕೂರದಿರಲಿ ಎಂದು.

ಶಿವಲೀಲಾ ಮಾತ್ರ ಅಕ್ಕನ ಮನೆಗೆ ಬರಲಿಲ್ಲ. ದಾಕ್ಷಕ್ಕ ಒಂಟಿ ಜೀವ, ದೊಡ್ಡ ಮನೆ, ಬಾ ಎಂದು ಬೇಡಿಕೊಂಡಳು. ಲೀಲಾ ಒಪ್ಪದೆ ರಾಚಪ್ಪನ ಮನೆ ಕೂತ ಜಾಗಕ್ಕೆ ಅಂಟಿಕೊಂಡಿದ್ದ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಳು. ಆ ಮನೆಯ ಒಳಕೋಣೆಯ ನೆಲಕ್ಕೆ ಕಿವಿಯಿಟ್ಟರೆ ಗಂಡನ ಸದ್ದು ಕೇಳುತ್ತದೆ ಅನ್ನುತ್ತಿದ್ದಳು. ಮೊದಲ ಕೆಲವು ದಿನ ನಿಜವಾಗಿಯೂ ಕೇಳುತ್ತಿತ್ತು. "ಹಲೋ, ಹಲೋ, ಒನ್, ಟೂ" ಎಂದು ರಾಚಪ್ಪ ಕೆಳಗೆ ಮೈಕ್ ಪರೀಕ್ಷೆ ಮಾಡುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಕೇಳಿ ಊಟ ಸೇರಲಿಲ್ಲ. ಆಮೇಲೆ ಎಲ್ಲರಿಗೂ ನಿಂತಿತು, ಅವಳೊಬ್ಬಳಿಗೆ ನಿಲ್ಲಲಿಲ್ಲ. ಮನೆಗೆ ಹೋದವರನ್ನು ಕೈಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ, "ಕೇಳ್ತೈತಿಲ್ಲ? ಕೇಳ್ತೈತಿಲ್ಲ?" ಎಂದು ಮುಖವನ್ನೇ ನೋಡುತ್ತಿದ್ದಳು. ಹೌದೆಂದರೆ ಸುಳ್ಳು, ಇಲ್ಲವೆಂದರೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಜನ ಎಷ್ಟು ದಿನ ಸುಳ್ಳು ಹೇಳಿಯಾರು? ಬರುವವರು ಕಡಿಮೆಯಾದರು. ಕಡೆಗೆ ಉಳಿದವಳು ದಾಕ್ಷಕ್ಕ ಒಬ್ಬಳೇ. ಅವಳು ದಿನಾ ಸಂಜೆ ಕೋಣೆಗೆ ಬೀಗ ಹಾಕಿದವಳೇ ನೇರ ಅಲ್ಲಿಗೆ ಹೋಗುತ್ತಿದ್ದಳು. ತಂಗಿಯ ಜೊತೆ ಕಾಳು ಆರಿಸುತ್ತಿದ್ದಳು, ಅವಳ ತಲೆ ಬಾಚುತ್ತಿದ್ದಳು, ಎಷ್ಟೋ ಸಲ ಅಲ್ಲೇ ಉಂಡು ಮಲಗುತ್ತಿದ್ದಳು. ಹೊರಡುವಾಗ ಬಾಗಿಲಾಚೆ ನಿಂತು ಊರಪಟದಲ್ಲಿ ಹಸಿರು ಒತ್ತುತ್ತಿದ್ದಳು. ಲೀಲಾಗೆ ಅದು ಕಾಣುತ್ತಿತ್ತು. "ನೀ ಬರೋದು ನಿನ್ನ ಊರಪಟದ ಸಲುವಾಗಿ ಬಿಡಕ್ಕಾ, ನನ್ನ ಸಲುವಾಗಿ ಯಾರ್ ಬರ್ತಾರ," ಎಂದು ಚುಚ್ಚುತ್ತಿದ್ದಳಂತೆ. ದಾಕ್ಷಕ್ಕ ಅದನ್ನು ನನ್ನ ಮುಂದೆ ಹೇಳಿ ನಗಲು ನೋಡುತ್ತಿದ್ದಳು, ನಗು ಬರುತ್ತಿರಲಿಲ್ಲ. ಆ ಮಾತು ಅವಳಿಗೆ ಎಲ್ಲಿ ನಾಟಿತ್ತೋ ಅಲ್ಲಿಂದ ಕೀಳಲು ಆಗುತ್ತಿರಲಿಲ್ಲ.

ಒಂದು ದಿನ ದಾಕ್ಷಕ್ಕ ಗಿರಣಿಯ ಮೆಟ್ಟಿಲ ಮೇಲೆ ಕಾಲು ಉಳುಕಿಸಿಕೊಂಡಳು. ಆದರೂ ತಂಗಿಯ ಮನೆಗೆ ಹೋಗಲೇಬೇಕೆಂದು ಹಟ. ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಎಷ್ಟೋ ತಿಂಗಳ ಮೇಲೆ ಆ ಮನೆಯ ಹೊಸ್ತಿಲು ದಾಟಿದ್ದೆ. ಕಾಲಿಟ್ಟ ಕೂಡಲೇ ಒಳಕೋಣೆಯ ಕಡೆ ಜಾರಿದಂತಾಗಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಲೀಲಾ ತಾಟಿನಲ್ಲಿ ನೀರು ತಂದಿಟ್ಟಳು. ನೀರೆಲ್ಲ ಒಂದು ಅಂಚಿಗೆ ಹೋಗಿ ತುಳುಕುತ್ತಿತ್ತು, ಈಚೆ ಕಡೆ ತಾಟಿನ ತಳ ಒಣಗಿ ಕಾಣುತ್ತಿತ್ತು. ಅಂಥ ವಾಲು ನಾನು ಎಲ್ಲೂ ನೋಡಿರಲಿಲ್ಲ. ದಾಕ್ಷಕ್ಕನ ಕಡೆ ನೋಡಿದೆ. ಅವಳು ಅದೇ ತಾಟಿನೊಳಗೆ ಬಗ್ಗಿ ನೋಡಿ, ಸಮಾಧಾನದಿಂದ ಬೆನ್ನಿಗೆ ಗೋಡೆ ಕೊಟ್ಟು ಕೂತಳು. ಅಕ್ಕತಂಗಿಯರಿಬ್ಬರೂ ವಾಲಿದ ನೆಲದ ಮೇಲೆ ವಾಲಿಕೊಂಡೇ ಕೂತು, ಸೊಟ್ಟಗೆ ತೂಗುಹಾಕಿದ ಫೋಟೋದಲ್ಲಿರುವವರಂತೆ, ಮಜ್ಜಿಗೆ ಹುಳಿಯ ವಿಷಯ ಮಾತಾಡತೊಡಗಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಚಹಾ ನುಂಗಿದೆ. "ನಿಜಗುಣಿ ಯಾಕ ಇವತ್ತ ಮಾತಾಡವಲ್ಲ?" ಎಂದಳು ಲೀಲಾ. ಹಲ್ಲುನೋವು ಎಂದು ಸುಳ್ಳು ಹೇಳಿದೆ.

ಹೊರಗೆ ಬಂದು, ಅಕ್ಕನನ್ನು ಅವಳ ಮನೆಗೆ ಬಿಟ್ಟು, ಓಣಿಯ ತಿರುವಿನಲ್ಲಿ ನಿಂತು ಊರಪಟದಲ್ಲಿ ವಾಲಿದೆ ಎಂದು ಒತ್ತಿದೆ. ಮನೆ ಹಸಿರಾಗಿಯೇ ಇತ್ತು. ಮತ್ತೆ ತೆರೆದು ನೋಡಿದೆ, ಹಸಿರೇ. ಯಾಕೆಂದು ಹೊಳೆಯುವುದಕ್ಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಣ್ಣ ಹಚ್ಚುವವನು ನಾನೇ ತಾನೇ? ಆ ಮನೆಗೆ ದಿನಾ ಹೋಗುವವಳು ಒಬ್ಬಳೇ, ಅವಳ ಮಾತಿನ ತೂಕ ಏರಿ ಏರಿ ಬೆಟ್ಟವಾಗಿತ್ತು. ನನ್ನದೊಂದು ಕೆಂಪು ಅದರ ಮುಂದೆ ಸಾಸಿವೆ ಕಾಳು.

ಬೆಳಿಗ್ಗೆ ಅವಳು ಕುಂಟುತ್ತ ಮೆಟ್ಟಿಲು ಹತ್ತಿ ಬರುವುದನ್ನೇ ಕಾದಿದ್ದು ಹೇಳಿದೆ. ಹೇಗೆ ಹೇಳಬೇಕೆಂದು ಬಹಳ ಯೋಚಿಸಿದ್ದೆ, ಬಾಯಿಬಿಟ್ಟಾಗ ಎಲ್ಲ ಮರೆತು, "ಅಕ್ಕಾ, ಲೀಲಾನ ಮನಿ ಕುಂದ್ರಾಕ ಹತ್ತೈತಿ," ಎಂದುಬಿಟ್ಟೆ. ಅವಳು ಕೇಳಿಸಿಲ್ಲ ಎಂಬಂತೆ ಶಾಲು ತೆಗೆದು ಕಂಪ್ಯೂಟರ್ ಹಚ್ಚಿದಳು. ಮತ್ತೆ ಹೇಳಿದೆ. "ನಿನ್ನಿ ನಾನೂ ಅಲ್ಲೇ ಇದ್ದೆ," ಎಂದಳು. "ನೀರು ನೆಟ್ಟಗಿತ್ತು. ನನಗ ಕಣ್ಣಿಲ್ಲೇನು?" "ಕಣ್ಣು ಐತಿ ಅಕ್ಕಾ. ಆದ್ರ ಆ ಮನಿ ನಿನಗ ಕಾಣಂಗಿಲ್ಲ." ಅವಳು ಸಿಡಿದುಬಿದ್ದಳು. "ನಾ ಆ ಮನ್ಯಾಕಿ ಅಲ್ಲೋ! ನನ್ನ ಮನಿ ಬ್ಯಾರೆ, ನನ್ನ ಒಲಿ ಬ್ಯಾರೆ, ನನ್ನ ಕರೆಂಟ್ ಬಿಲ್ ಬ್ಯಾರೆ. ಬಂದು ನೋಡಿ ಹೋಗಾಕಿ ನಾನು, ಹೊರಗಿನಾಕಿ. ಅದಕ್ಕ ಅಲ್ಲೇನು ಆಕಿ ನನಗ ಊರಪಟದ ಸಲುವಾಗಿ ಬರ್ತಿ ಅನ್ನೋದು?" ಹಾಗೆನ್ನುವಾಗ ಅವಳ ದನಿ ಒಡೆಯಿತು. ಅವಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಲೆಕ್ಕದಲ್ಲಿ ಅವಳನ್ನು ಯಾರೂ ಮೀರಿಸಲಾರರು. ಆದರೆ ಈ ಲೆಕ್ಕ ಅವಳಿಗೆ ಬೇಡವಾಗಿತ್ತು.

ಕಡೆಗೆ ಗಿರಣಿ ಸಂಗಪ್ಪನ ಹೆಂಡತಿ ಕಾಶವ್ವನನ್ನು ಕಳಿಸುವುದೆಂದಾಯಿತು. ಅವಳು ಲೀಲಾನ ಮನೆಗೆ ಒಮ್ಮೆಯೂ ಹೋದವಳಲ್ಲ, ದಾಕ್ಷಕ್ಕನೇ ಆರಿಸಿದಳು. "ಹಿಟ್ಟು ಕೊಟ್ಟು, ತಾಟು ನೋಡಿ ಬಾ," ಎಂದು ಮಾತ್ರ ಹೇಳಿದೆವು. ಕಾಶವ್ವ ಬಾಯಿಬಡುಕಿ, ಅವಳು ಹೋದ ದಾರಿಯಲ್ಲೆಲ್ಲ ಅವಳ ಮಾತು ಕೇಳುತ್ತಿರುತ್ತದೆ. ಮರಳಿ ಬರುವಾಗ ಓಣಿ ತಣ್ಣಗಿತ್ತು. ಗಿರಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬೆವರೊರೆಸಿಕೊಂಡಳು. "ಹೆಂಗ ಇರ್ತಾಳಬೇ ಆಕಿ ಅಲ್ಲಿ?" ಎಂದಳು. "ನನಗ ನಿಂದ್ರಾಕ ಆಗಲಿಲ್ಲ. ಚಹಾದ ಕಪ್ಪು ಸರ್ಕೊಂಡು ಹೋಗಿ ಗ್ವಾಡಿಗೆ ಬಡೀತು, ಆಕಿ ನೋಡಿದ್ರ, ಇಲ್ಲೇ ಇತ್ತಲ್ಲ ಅಂತ ಮತ್ತ ಅಲ್ಲೇ ತಂದ್ ಇಟ್ಳು." ದಾಕ್ಷಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಅಳಲಿಲ್ಲ. ಕೋಣೆಗೆ ಹೋಗಿ ತಂಗಿಯ ಮನೆಯ ಮಟ್ಟಿಗೆ ತನ್ನ ಮಾತಿನ ತೂಕವನ್ನು ಸೊನ್ನೆ ಮಾಡಿದಳು. ಮಾಡಿದ ಕ್ಷಣವೇ ಆ ಮನೆ ಕೆಂಪಾಯಿತು. ಅಷ್ಟು ದಟ್ಟ ಕೆಂಪು ಊರಪಟದಲ್ಲಿ ಇದೆಯೆಂದು ಬಣ್ಣ ಹಚ್ಚಿದ ನನಗೇ ಗೊತ್ತಿರಲಿಲ್ಲ. "ಎಷ್ಟ್ ದಿನದಿಂದ ನಾನಽ ಆಕಿನ್ನ ಮುಚ್ಚಿಟ್ಟಿದ್ದೆ," ಎಂದಳು. "ಸ್ಕೂಟರ್ ತಗಿ."

ಮಟಮಟ ಮಧ್ಯಾಹ್ನ. ಲೀಲಾ ಅಲಸಂದಿ ಬಿಡಿಸುತ್ತ ಕೂತಿದ್ದಳು. ನಾನು ಒಳಗೆ ಹೋಗಲು ಧೈರ್ಯ ಸಾಲದೆ ಹೊಸ್ತಿಲ ಹೊರಗೇ ನಿಂತೆ. ನಿನ್ನೆಗಿಂತ ಹೆಚ್ಚು ವಾಲಿತ್ತು, ಗೂಟಕ್ಕೆ ನೇತುಹಾಕಿದ ಚೀಲ ಗೋಡೆಯಿಂದ ಒಂದು ಮೊಳ ದೂರ ನಿಂತಿತ್ತು. ದಾಕ್ಷಕ್ಕ ಕುಂಟುತ್ತ ಹೋಗಿ ತಂಗಿಯ ಪಕ್ಕದಲ್ಲಿ ಕೂತಳು. ಒಳಗೆ ಹೇಳಬಾರದೆಂಬ ಕಟ್ಟಳೆ ಅವಳಿಗೆ ನೆನಪಿತ್ತು. ಅದಕ್ಕೇ ಮನೆಯ ಮಾತು ತೆಗೆಯದೆ ತನ್ನ ಮಾತು ಹೇಳಿದಳು. "ಲೀಲಾ, ನನಗ ನಿನ್ನ ಮನ್ಯಾಗ ಏನೂ ಕಾಣಂಗಿಲ್ಲಂತ. ಎಲ್ಲಾರಿಗೂ ಕಾಣೋದು ನನಗ ಕಾಣಂಗಿಲ್ಲ." ಲೀಲಾಳ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಈ ಊರಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. "ನಿನಗೂ?" ಎಂದಳು. "ನನಗೂ." "ಒಂದೀಟೂ?" "ಒಂದೀಟೂ ಇಲ್ಲವ್ವಾ. ನಮ್ಮವ್ವನ ಮನಿ ಹೆಂಗ ಕಾಣ್ತಿತ್ತು, ಹಂಗಽ ಕಾಣ್ತೈತಿ." ಲೀಲಾ ಮೊದಲು ನಕ್ಕಳು. ರಾಚಪ್ಪ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಅಕ್ಕನ ಮಡಿಲಲ್ಲಿ ಮುಖವಿಟ್ಟು, "ನಾ ಏನೇನೋ ಅಂದ್ನಲ್ಲಕ್ಕಾ ನಿನಗ, ಏನೇನೋ ಅಂದೆ," ಎಂದು ಬಿಕ್ಕಿದಳು. ಅಲಸಂದಿ ಕಾಳೆಲ್ಲ ಮೊರದಿಂದ ಚೆಲ್ಲಿ ಒಳಕೋಣೆಯ ಕಡೆ ಉರುಳಿಹೋದವು. ಇಬ್ಬರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ.

"ನಡಿ, ನಮ್ಮ ಮನಿಗೆ ಹೋಗೋಣು," ಎಂದಳು ದಾಕ್ಷಕ್ಕ. "ನಡಿ," ಎಂದು ಲೀಲಾ ಕಣ್ಣೊರೆಸಿಕೊಂಡು ಎದ್ದೇಬಿಟ್ಟಳು. ವರ್ಷವಿಡೀ ಬೇಡಿಕೊಂಡರೂ ಏಳದವಳು ಎರಡು ಸೀರೆ ಗಂಟುಕಟ್ಟಿ ಅಕ್ಕನ ಕೈಗೆ ಕೊಟ್ಟಳು. ದಾಕ್ಷಕ್ಕ ಗಂಟು ಹಿಡಿದು ಹೊಸ್ತಿಲ ತನಕ ಬಂದಳು. ಲೀಲಾ ಹಿಂದೆಯೇ ಬರುತ್ತಿದ್ದವಳು ನಿಂತು, "ಇವರಿಗೊಂದು ಮಾತ್ ಹೇಳಿ ಬರ್ತೀನಿ, ಹೇಳದಽ ಹ್ವಾದ್ರ ಹುಡುಕತಾರ," ಎಂದು ಒಳಕೋಣೆಗೆ ಹೋದಳು. ಅವಳು ನೆಲಕ್ಕೆ ಬಗ್ಗಿ ಬಾಯಿ ಹಚ್ಚಿ ಗಂಡನಿಗೆ ಏನೋ ಹೇಳುವುದು ಕೇಳುತ್ತಿತ್ತು. ನನ್ನ ಕಣ್ಣೆದುರು ಬಾಗಿಲ ಚೌಕಟ್ಟಿನ ಒಂದು ಮೂಲೆ ಮಣ್ಣಿಗೆ ತಾಗಿತು. "ಅಕ್ಕಾ, ಲಗೂನ ಕರಿ ಆಕಿನ್ನ," ಎಂದೆ. ದಾಕ್ಷಕ್ಕ ಒಳಗೊಮ್ಮೆ ತಿರುಗಿ ನೋಡಿದಳು. ಅವಳ ಕಣ್ಣಿಗೆ ನೆಲ ಮಟ್ಟಸವಾಗಿತ್ತು, ಗೋಡೆ ನೆಟ್ಟಗಿತ್ತು, ತಂಗಿ ಸುಖವಾಗಿ ಮಾತಾಡುತ್ತಿದ್ದಳು. ತಲೆಗೆ ಎಲ್ಲ ತಿಳಿದಿದ್ದರೂ ಕಣ್ಣು ಅವಳನ್ನು ನಂಬಿಸಿಬಿಟ್ಟಿತು. "ಇರಲಿ ತಡಿಯೋ," ಎಂದಳು, "ಸಮಾಧಾನದಿಂದ ಹೇಳ್ಕೊಳ್ಳಲಿ." ಆಗ ನಾನು ಹೇಳಬಾರದ್ದನ್ನು ಹೇಳಬಾರದ ಜಾಗದಲ್ಲಿ ಕೂಗಿಕೊಂಡೆ. "ಲೀಲಾ, ಮನಿ ಕುಂದ್ರಾಕತ್ತೈತಿ, ಹೊರಗ ಬಾ!" ಎಂದು ಗಂಟಲು ಹರಿಯುವ ಹಾಗೆ ಕೂಗಿ, ಕೈಗೆ ಸಿಕ್ಕ ದಾಕ್ಷಕ್ಕನ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಬೀದಿಗೆ ಬಿದ್ದೆವು. ತಿರುಗಿ ನೋಡಿದರೆ ಮಣ್ಣು ಮಟ್ಟಸವಾಗಿತ್ತು. ದಾಕ್ಷಕ್ಕ ಸೀರೆಯ ಗಂಟು ಎದೆಗವಚಿಕೊಂಡು, "ಬಂದ್ಲೇನೋ? ಬಂದ್ಲೇನೋ?" ಎಂದು ನನ್ನನ್ನೇ ಕೇಳುತ್ತಿದ್ದಳು.

ನಾನು ಕೂಗಿದ್ದಕ್ಕೇ ಮನೆ ಕೂತಿತು ಅನ್ನುವವರು ಊರಲ್ಲಿ ಈಗಲೂ ಇದ್ದಾರೆ. ಇರಬಹುದು. ಕೂಗದೆ ನಿಂತಿದ್ದರೆ ಏನಾಗುತ್ತಿತ್ತು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೆಲವು ದಿನ ಕೆಳಗಿನಿಂದ ಲೀಲಾಳ ದನಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಗಂಡನನ್ನು ಅಕ್ಕರೆಯಿಂದ ಬೈಯುವ ಧಾಟಿ ಮಾತ್ರ ತಿಳಿಯುತ್ತಿತ್ತು. ನಡುನಡುವೆ ಅಕ್ಕಾ ಎಂದ ಹಾಗೆ ಕೇಳಿತೆಂದು ಹೂವಿನ ಹನಮವ್ವ ಹೇಳಿದಳು, ನಾನು ಕೇಳಲಿಲ್ಲ. ದಾಕ್ಷಕ್ಕ ಆ ಮಣ್ಣಿನ ಮೇಲೆ ಬಿಸಿಲಲ್ಲಿ ಕೂತಿರುತ್ತಿದ್ದಳು. ದನಿ ನಿಂತ ಮೇಲೆ ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಕೋಣೆಗೆ ಬಂದಳು. ಊರಪಟವೇ ಬೇಡ, ಡಂಗುರವೇ ಸಾಕು ಎಂದು ಚನ್ನವೀರಪ್ಪನವರು ಸಭೆ ಕರೆದಿದ್ದರು. ಆ ಸಭೆಯಲ್ಲಿ ಅವಳು ಎದ್ದು ನಿಂತು, "ಬಂದಷ್ಟೂ ಕಣ್ಣು ಚುರುಕಾಗತೈತಿ ಅಂತ ಮಾಡಿದ್ದೆ. ಬಂದಷ್ಟೂ ಮನಿ ನಮ್ದಾಗತೈತಿ ಅನ್ನೋದು ಲೆಕ್ಕಕ್ಕ ಹಿಡೀಲಿಲ್ಲ. ಅದನ್ನ ಸರಿ ಮಾಡ್ತೀನಿ, ಆಮ್ಯಾಲ ನಿಮ್ಮ ಮನಸ್ಸು," ಎಂದಳು. ಸಭೆ ಒಪ್ಪಿತು.

ಈಗಿನ ಊರಪಟದಲ್ಲಿ ತೂಕ ಮೊದಮೊದಲು ಏರಿ, ಆಮೇಲೆ ಹೋದಷ್ಟೂ ಇಳಿಯುತ್ತದೆ. ಪ್ರತಿ ಮನೆಗೂ ಆಗಾಗ ಆ ಮನೆಯ ಪರಿಚಯವೇ ಇಲ್ಲದ ಒಬ್ಬರನ್ನು ಊರಪಟವೇ ಹೆಸರಿಸಿ ಕಳಿಸುತ್ತದೆ. ಮನೆ ಕೂರುವುದು ನಿಂತಿಲ್ಲ, ಮನೆಯೊಳಗೆ ಜನ ಇರುವಾಗ ಕೂತದ್ದು ಮಾತ್ರ ಆಮೇಲೆ ಇಲ್ಲ. ಹಾಗೆಂದು ಊರು ಸುಖವಾಗಿದೆ ಎನ್ನಲಾರೆ. ಮೊದಲು ನಾವು ಒಬ್ಬರ ಮನೆಗೊಬ್ಬರು ನಿರಾಳವಾಗಿ ಹೋಗುತ್ತಿದ್ದೆವು. ಈಗ ತಾಟಿನ ಮುಂದೆ ಕೂತಾಗ ಮನಸ್ಸಿನಲ್ಲಿ ಬೇರೆಯೇ ಅಳುಕು. ತವರಿಗೆ ಬಂದ ಮಗಳು ನೀರು ವಾಲಿದ್ದನ್ನು ಕಂಡು, ಅಯ್ಯೋ ಈ ಮನೆ ನನ್ನದಲ್ಲದಾಯಿತಲ್ಲ ಎಂದು ಹಿತ್ತಲಿಗೆ ಹೋಗಿ ಅಳುತ್ತಾಳೆ. ಗೆಳೆಯನ ಮನೆಯಲ್ಲಿ ಕಂಡದ್ದನ್ನು ಊರಪಟದಲ್ಲಿ ಒತ್ತಿ, ಕಂಡದ್ದು ತಾನು ಎಂದು ತಿಳಿಯದಿರಲಿ ಎಂದು ಬೇಡಿಕೊಳ್ಳುವವರಿದ್ದಾರೆ. ಹೆಸರು ಕಾಣದ ಹಾಗೆ ಮಾಡಿಕೊಡಿ ಎಂದು ದಿನಾ ಫೋನು. ಮಾಡಿಕೊಟ್ಟೆವು. ಲೀಲಾಳ ಮನೆಯ ವಾಲು ನನಗೆ ಅಷ್ಟು ಚೆನ್ನಾಗಿ ಕಂಡಿತ್ತಲ್ಲ, ಅದು ನನ್ನನ್ನೂ ಸುಮ್ಮನೆ ಬಿಟ್ಟಿಲ್ಲ.

ಆ ಮೇಲಿಂದ ನಾನು ದಿನಾ ಸಂಜೆ ದಾಕ್ಷಕ್ಕನ ಮನೆಗೆ ಹೋಗತೊಡಗಿದೆ. ನನಗೂ ಮನೆಯಲ್ಲಿ ಕಾಯುವವರಿಲ್ಲ. ಅವಳು ತಾಟು ತಂದಿಡುತ್ತಿದ್ದಳು, ನಾನು ನೋಡುತ್ತಿದ್ದೆ. ಅವಳ ಮನೆ ಪಡಸಾಲೆಯ ಕಡೆ ತುಸುವೇ ತುಸು ವಾಲಿತ್ತು, ಹೆದರಬೇಕಾದಷ್ಟಲ್ಲ. ಹೊರಗೆ ಬಂದು ಹಾಗೆಯೇ ಒತ್ತುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಾಳೆ, ನಾನು ಬದನೆಕಾಯಿ ಹೆಚ್ಚಿಕೊಡುತ್ತೇನೆ, ಅವಳು ಒಮ್ಮೊಮ್ಮೆ ತಂಗಿಯ ಸೀರೆಯ ಗಂಟಿನತ್ತ ನೋಡುತ್ತಾಳೆ, ನಾನು ನೋಡದ ಹಾಗೆ ಇರುತ್ತೇನೆ. ಹೋದ ವಾರ ತಾಟಿನ ಮುಂದೆ ಕೂತು ನೋಡಿದೆ, ನೀರು ನೆಟ್ಟಗಿತ್ತು. ಕಣ್ಣುಜ್ಜಿಕೊಂಡೆ. ತಾಟು ತಿರುಗಿಸಿದೆ. ಬಗ್ಗಿ ನೋಡಿದೆ. ವಾಲಿದ ಮನೆ ತಾನಾಗಿ ನೆಟ್ಟಗಾದದ್ದು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಒಲೆಯ ಮುಂದಿನಿಂದ ಅವಳು, "ಏನಾತೋ?" ಎಂದಳು. ಸುಳ್ಳು ಹೇಳೋಣವೆಂದುಕೊಂಡೆ, ಹೇಳಲಿಲ್ಲ. "ಏನೂ ಕಾಣವಲ್ದು ಅಕ್ಕಾ," ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು. ತಂಗಿ ಹೋದಾಗ ಬಾರದ ಕಣ್ಣೀರು ಆಗ ಬಂತು, ಒರೆಸಿಕೊಳ್ಳಲೂ ಇಲ್ಲ. ಹಿಟ್ಟಿನ ಕೈಯಲ್ಲೇ ಫೋನ್ ತೆಗೆದುಕೊಂಡು ತನ್ನ ಮನೆಯ ಮಟ್ಟಿಗೆ ನನ್ನ ಮಾತಿನ ತೂಕವನ್ನು ಸೊನ್ನೆ ಮಾಡಿದಳು. "ನಾಳಿಂದ ನೋಡಾಕ ಬ್ಯಾರೆ ಯಾರನ್ನರ ಕಳಸು," ಎಂದಳು. "ನೀ ಉಣ್ಣಾಕ ಬಾ."